ಕೊರಿಯನ್ ತರಗತಿಯಲ್ಲಿ ‘ತಿಳಿಯಲಿಲ್ಲ’ ಎನ್ನುವ ಬಗೆ

ಪರಭಾಷೆಯ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯ ಪಾಡು ವಿಚಿತ್ರವಾದುದು. ಉಪಾಧ್ಯಾಯರು ಹೇಳಿದ್ದು ತಿಳಿಯದು. ತಿಳಿಯದೆಂದು ಹೇಳಲು ಮಾತೂ ಬಾರದು. ನಾಲ್ಕಾರು ವಾಕ್ಯಗಳು ಕೈಯಲ್ಲಿದ್ದರೆ ಈ ಸಂಕಟದಿಂದ ಪಾರಾಗಬಹುದು. ಕೊರಿಯನ್ ಕಲಿಯಹೊರಟ ಕನ್ನಡಿಗನಿಗಂತೂ ಅಂತಹ ವಾಕ್ಯಗಳ ಕಟ್ಟಡವು ಮನೆಯ ಮಾತಿನಷ್ಟೇ ಪರಿಚಿತ.

ಉಪಾಧ್ಯಾಯರು ‘ಛೆಗುಲ್ ಫ್ಯೊಸೆಯೊ’ ಎನ್ನುತ್ತಾರೆ. ‘ಛೆಕ್’ ಎಂದರೆ ಪುಸ್ತಕ, ‘ಉಲ್’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ, ಕೊನೆಯಲ್ಲಿ ಕ್ರಿಯಾಪದ. ಪುಸ್ತಕವನ್ನು ತೆರೆಯಿರಿ! ಪದಗಳ ಕ್ರಮವನ್ನು ಎಲ್ಲಿಯೂ ಕದಲಿಸಬೇಕಾಗಿಲ್ಲ. ಇನ್ನು ವಿದ್ಯಾರ್ಥಿಯ ಸರದಿ: ‘ತಾಶಿ ಹನ್‌ಬೊನ್ ಮಲ್‌ಹೆ ಜುಸೆಯೊ.’ ಮತ್ತೆ, ಒಂದು ಸಲ, ಹೇಳಿ, ಕೊಡಿ. ‘ಜುಸೆಯೊ’ ಎಂದರೆ ‘ಕೊಡಿ’ ಎಂದೇ ಅರ್ಥ. ‘ಬರೆದು ಕೊಡಿ’, ‘ಓದಿ ಕೊಡಿ’ ಎಂದು ನಾವು ಉಪಕಾರ ಬೇಡುವಂತೆಯೇ ಅವರೂ ಕ್ರಿಯಾಪದದ ಮುಂದೆ ‘ಕೊಡು’ವನ್ನು ಸೇರಿಸಿ ಆಜ್ಞೆಯನ್ನು ಬಿನ್ನಹವಾಗಿ ಮಾರ್ಪಡಿಸುತ್ತಾರೆ. ‘ಛಿಲ್‌ಫನೆ ಸ್ಸೊ ಜುಸೆಯೊ’ ಎಂದರೆ ಕರಿಹಲಗೆಯ ಮೇಲೆ ಬರೆದು ಕೊಡಿ. ‘ಛೊನ್‌ಛೊನ್‌ಹಿ ಮಲ್‌ಹೆ ಜುಸೆಯೊ’ ಎಂದರೆ ಮೆಲ್ಲಮೆಲ್ಲಗೆ ಹೇಳಿ. ಇಲ್ಲಿ ದ್ವಿರುಕ್ತಿಯೂ ಉಂಟು, ನೋಡಿ.

ಈ ಹೋಲಿಕೆಗೆ ಮರುಳಾದವರೂ ಇದ್ದರು. ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಭಾಷೆಯನ್ನು ದ್ರಾವಿಡ ಭಾಷೆಗಳೊಡನೆ ಹೋಲಿಸಿ ಒಂದು ವ್ಯಾಕರಣವನ್ನೇ ಪ್ರಕಟಿಸಿದನು. ಇವು ಒಂದೇ ಕುಲದವೆಂಬ ವಾದವನ್ನು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಜಪಾನಿ, ತುರ್ಕಿ ಭಾಷೆಗಳಲ್ಲಿಯೂ ಕ್ರಿಯಾಪದವು ಕೊನೆಗೇ ಬರುತ್ತದೆಯಲ್ಲವೆ? ಕಲಿಯುವವನಿಗೆ ಮಾತ್ರ, ನಂಟು ಇರಲಿ ಬಿಡಲಿ, ಲಾಭ ಲಾಭವೇ.

ಎಡವುವ ಸ್ಥಳವೊಂದುಂಟು. ‘ನನಗೆ ಗೊತ್ತಿಲ್ಲ’ ಎನ್ನಲು ಗೆಳೆಯನೊಡನೆ ‘ಮೊಲ್ಲಾ’ ಎಂದರೆ ಸಾಕು. ಉಪಾಧ್ಯಾಯರೊಡನೆ ಹಾಗೆಂದರೆ ಅದು ಉದ್ಧಟತನ. ಕೊನೆಗೆ ‘ಯೊ’ ಸೇರಿಸಿ ‘ಮೊಲ್ಲಾಯೊ’ ಎಂದರೆ ಮರ್ಯಾದೆ ಬಂದಿತು. ಆದರೂ ಮಾತು ತುಸು ಮೊಂಡು. ‘ಮೊರುಗೆಸ್ಸೊಯೊ’ ಎಂಬುದೇ ತರಗತಿಗೆ ತಕ್ಕುದು. ನಡುವಣ ‘ಗೆಸ್’ ಎಂಬ ತುಣುಕು ಸಾಮಾನ್ಯವಾಗಿ ಊಹೆಯನ್ನೋ ಸಂಕಲ್ಪವನ್ನೋ ಸೂಚಿಸುವಂಥದು. ಇಲ್ಲಿ ಅದು ಮಾತಿನ ಮೊನೆಯನ್ನು ಮೆತ್ತಗೆ ಮಾಡುತ್ತದೆ. ಹಾಗೆಯೇ ಉಪಾಧ್ಯಾಯರನ್ನು ‘ನೀವು’ ಎಂದು ಸಂಬೋಧಿಸಲಾಗದು. ನಿಘಂಟಿನಲ್ಲಿ ಕಾಣುವ ‘ತಂಗ್‌ಶಿನ್’ ಎಂಬ ಪದವನ್ನು ಅವರೆದುರು ಬಳಸಿದರೆ ಅಗೌರವವಾಗುತ್ತದೆ. ‘ಸೊನ್‌ಸೆಂಗ್‌ನಿಮ್’ ಎಂದರೆ ಗುರುಗಳು. ಆ ಪದವನ್ನೇ ಸರ್ವನಾಮದ ಜಾಗದಲ್ಲಿಯೂ ಇಡಬೇಕು.

ಮೇಲಿನ ಕನ್ನಡ ಬರಹ ಉಚ್ಚಾರಣೆಗೆ ಹತ್ತಿರದ್ದು ಮಾತ್ರ. ‘ತಾಶಿ’ಯ ಮೊದಲ ಧ್ವನಿ ನಮ್ಮ ತಕಾರ ದಕಾರಗಳ ನಡುವಿನದು. ಅದಕ್ಕಾಗಿ ರಾಜ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯನ್ನೇ ಕಲಿಯುವುದು ಲೇಸು. ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 24 ಮಾತ್ರ.

ಪಾಠದ ಕೊನೆಯಲ್ಲಿ ಉಪಾಧ್ಯಾಯರು ‘ಅಲ್ಗೆಸ್ಸೊಯೊ?’ ಎಂದು ದನಿಯೇರಿಸಿ ಕೇಳುತ್ತಾರೆ: ತಿಳಿಯಿತೆ? ದನಿಯನ್ನು ಇಳಿಸಿ ಅದೇ ಪದವನ್ನು ಹಿಂದಿರುಗಿಸಿದರೆ ಅದೇ ಉತ್ತರ. ತಿಳಿಯದಿದ್ದರೆ ‘ಮೊರುಗೆಸ್ಸೊಯೊ’ ಇದ್ದೇ ಇದೆ.