ಹೃದಯದಾನ ಮತ್ತು ಸಾವಿನ ನಿರ್ಣಯ

ಮೂತ್ರಪಿಂಡವನ್ನು ಬದುಕಿರುವವರೂ ದಾನ ಮಾಡಬಹುದು. ಹೃದಯವನ್ನಾದರೋ ಸತ್ತವರಿಂದಲೇ, ಅದೂ ಸಾಮಾನ್ಯವಾಗಿ ಅದು ಮಿಡಿಯುತ್ತಿರುವಾಗಲೇ ಪಡೆಯಬೇಕಾಗುತ್ತದೆ. ಹೃದಯ ಕಸಿಯ ನೈತಿಕ ತೊಡಕಿನ ಮೂಲ ಇಲ್ಲಿದೆ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮೊದಲ ಬಾರಿಗೆ ಕಸಿ ಮಾಡಿದಾಗ ಮಿದುಳಿನ ಸಾವಿಗೆ ಸರ್ವಸಮ್ಮತ ಲಕ್ಷಣಗಳು ಇರಲಿಲ್ಲ; ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿ ಅವನ್ನು ಗೊತ್ತುಪಡಿಸಿದ್ದು ಮರುವರ್ಷ. ಶಸ್ತ್ರಕ್ರಿಯೆ ಮುಂದಾಗಿ ವ್ಯಾಖ್ಯೆ ಹಿಂದಾದುದರಿಂದ, ಅಂಗಕ್ಕಾಗಿಯೇ ಸಾವಿನ ಅರ್ಥವನ್ನು ಬದಲಿಸಲಾಯಿತೆಂಬ ಸಂಶಯ ಹುಟ್ಟಿದ್ದು ಸಹಜವೇ. ಭಾರತದಲ್ಲಿ ಕ್ರಮ ಬೇರೆಯಾಯಿತು: 1994ರ ಜುಲೈನಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ, ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆಸಿದರು.

ಈ ಕಾಯ್ದೆಯ ಪ್ರಕಾರ, ಉಸಿರಾಟವನ್ನು ನಿಯಂತ್ರಿಸುವ ಮಿದುಳುಕಾಂಡವು ಶಾಶ್ವತವಾಗಿ ನಿಷ್ಕ್ರಿಯಗೊಂಡಿದೆಯೆಂದು ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ವೈದ್ಯರು ಈ ಮಂಡಳಿಯಲ್ಲಿ ಇರಕೂಡದು. ಕಸಿಯಿಂದ ಪ್ರಯೋಜನವಿರುವವರೇ ಸಾವನ್ನು ಘೋಷಿಸಬಾರದೆಂಬ ಈ ನಿಯಮವೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಆದರೂ ವೆಂಟಿಲೇಟರಿನ ನೆರವಿನಿಂದ ಎದೆ ಏರಿಳಿಯುತ್ತ, ಮೈ ಬೆಚ್ಚಗಿರುವಾಗ, ಜೀವ ಹೋಗಿದೆಯೆಂದು ನಂಬುವುದು ಮನೆಯವರಿಗೆ ಸುಲಭವಲ್ಲ. ಅವರ ಹಿಂಜರಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅನ್ಯಾಯ.

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ, ಅಪಘಾತಕ್ಕೀಡಾಗಿ ಮಿದುಳು ನಿಷ್ಕ್ರಿಯಗೊಂಡಿದ್ದ ತರುಣಿಯೊಬ್ಬಳ ಅಂಗಾಂಗಗಳನ್ನು ಹೆತ್ತವರ ಒಪ್ಪಿಗೆಯಿಂದ ಪಡೆದು, ಹೃದಯವನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಒಯ್ಯಲಾಯಿತು. ದೇಹದಿಂದ ಹೊರಬಂದ ಹೃದಯವು ಮಂಜುಗಡ್ಡೆಯ ತಂಪಿನಲ್ಲಿ ಸುಮಾರು ನಾಲ್ಕು ಗಂಟೆಯಷ್ಟೇ ಕಸಿಗೆ ಯೋಗ್ಯವಾಗಿ ಉಳಿಯುವುದರಿಂದ ಈ ಧಾವಂತ ಅನಿವಾರ್ಯ. ಆದರೆ ಅದೇ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ತಲೆಗೆ ತೀವ್ರ ಪೆಟ್ಟಾದವರನ್ನು ಘಾಟಿ ಇಳಿಸಿ ಮಣಿಪಾಲಕ್ಕೋ, ಇಲ್ಲವೇ ಶಿವಮೊಗ್ಗಕ್ಕೋ ಕರೆದೊಯ್ಯುವುದು ವಾಡಿಕೆ. ಹಾಗಾಗಿ ದಾನದ ಮಾತು ಮನೆಯವರ ಕಿವಿಗೆ ಬೀಳುವುದು ಪರವೂರಿನಲ್ಲಿ, ಅಪರಿಚಿತರ ಬಾಯಿಂದ. ಗಡಿಯಾರ ನೋಡಿಕೊಂಡು ಕೇಳಿದ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆಯೆನ್ನುವುದು ಕಷ್ಟ. ಎರಡನೆಯ ಪರೀಕ್ಷೆಯ ಫಲಿತಾಂಶವನ್ನು ತಿಳಿಸಿ, ಅದು ಮನಸ್ಸಿಗಿಳಿಯುವಷ್ಟು ಸಮಯ ಕೊಟ್ಟ ಮೇಲೆಯೇ ಕೇಳುವುದು ಧರ್ಮ.

ಕರ್ನಾಟಕದಲ್ಲಿ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆಯು ನಿರೀಕ್ಷಣಾ ಪಟ್ಟಿಯಂತೆ ನಿರ್ವಹಿಸುತ್ತದೆ. ಅಂಗವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಆದರೆ ಕಸಿಯ ವೆಚ್ಚ ಭರಿಸಲಾಗದ ಬಡವರು ಆ ಪಟ್ಟಿಯವರೆಗೂ ತಲುಪುವುದು ಕಷ್ಟ. ದಾನ ಕೊಡುವಾಗ ಇಲ್ಲದ ಬಡತನದ ಅಡ್ಡಿ ಪಡೆಯುವಾಗ ಎದುರಾಗುತ್ತದೆ. ಇದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ, ಸರ್ಕಾರದ ಬೊಕ್ಕಸದಲ್ಲಿ ಹುಡುಕಬೇಕು.

ದಾನದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಕೊನೆಗೆ ಮನೆಯವರ ಒಪ್ಪಿಗೆ ಕೇಳುವುದೇ ನಮ್ಮಲ್ಲಿನ ರೂಢಿಯಾದ್ದರಿಂದ, ಕೊಡಬೇಕೆನ್ನುವವರೂ ಬೇಡವೆನ್ನುವವರೂ ತಮ್ಮ ಇಚ್ಛೆಯನ್ನು ಆರೋಗ್ಯವಾಗಿರುವಾಗಲೇ ಮನೆಮಂದಿಗೆ ತಿಳಿಸಿಡಬೇಕು.