ಬೆನ್ನುನೋವೆಂದು ಮುಲಾಮು ಹಚ್ಚುವ ಮುನ್ನ

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಅಥವಾ ಅಸಿಟ್ರಾಂ ಮಾತ್ರೆ ನುಂಗುತ್ತಾರೆ. ಇದರಿಂದ ಒಸಡಿನಲ್ಲಿ ರಕ್ತ ಬಂದೀತೆಂದು ಮನೆಯವರು ಬಲ್ಲರು. ಬೆನ್ನುಹುರಿಯ ಪಕ್ಕ ರಕ್ತ ಒಸರಿ ನರಗಳನ್ನು ಅದುಮುವುದು ಬಲು ಅಪರೂಪ. ಬಂದರೆ ಮಾತ್ರ ತಡಮಾಡುವಂತಿಲ್ಲ. ಬಿದ್ದು ಏಟಾಗಿರಬೇಕೆಂದೇನೂ ಇಲ್ಲ. ಇದ್ದಕ್ಕಿದ್ದಂತೆ ಬೆನ್ನಿಗೋ ಕತ್ತಿಗೋ ಸೀಳುವಂಥ ನೋವು, ಆಮೇಲೆ ಕಾಲು ಜೋಮು, ನಿಶ್ಶಕ್ತಿ, ಮೂತ್ರ ಕಟ್ಟುವುದು. "ವಾಯು ಕಣೇ, ಬಿಸಿನೀರು ಕಾಯಿಸು" ಅಂತ ಅತ್ತೆಯವರು ಅಂದರೂ ನೀವು ಗಾಡಿ ತರಿಸಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೊಡಬೇಡಿ, ರಕ್ತಸ್ರಾವ ಹೆಚ್ಚೀತು. ಎಂ.ಆರ್.ಐ. ಇರುವ ದೊಡ್ಡಾಸ್ಪತ್ರೆಗೇ ಹೋಗಿ, ಮೊದಲು ಮಾತ್ರೆಯ ಹೆಸರು ಹೇಳಿ, ಐ.ಎನ್.ಆರ್. ಚೀಟಿ ತೋರಿಸಿ. ಶಸ್ತ್ರಚಿಕಿತ್ಸೆ ಬೇಕಾದರೆ ಸುಮಾರು 12 ಗಂಟೆಯೊಳಗೆ ಆದಷ್ಟೂ ಕಾಲಿಗೆ ಬಲ ಮರಳುವ ಸಂಭವ ಹೆಚ್ಚು. ಹಾಗಂತ ಹೆದರಿ, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿಬಿಟ್ಟೀರಿ, ಕವಾಟದಲ್ಲೇ ರಕ್ತ ಹೆಪ್ಪುಗಟ್ಟೀತು!