ವಾದ್ಯಕ್ಕೆ ಕುಲವುಂಟೇ?

ನಮ್ಮ ಮನೆಗಳಲ್ಲಿ ಮಕ್ಕಳು ಹಾಡಿದರೆ ಹಿರಿಯರು ಹಿಗ್ಗುತ್ತಾರೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತು ವಚನವನ್ನೋ ತತ್ತ್ವಪದವನ್ನೋ ಹಾಡುವ ಮಗುವನ್ನು ಬಂದ ಬೀಗರೆದುರು, ನೆಂಟರೆದುರು ಮತ್ತೆ ಮತ್ತೆ ಹಾಡಿಸಿ ಆನಂದಪಡುತ್ತಾರೆ. ಅದೇ ಮಗು ಹದಿನೆಂಟು ತುಂಬಿದ ಮೇಲೆ, ಗೆಳೆಯರೊಡನೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೇನೆಂದು ಹೇಳಿದ ದಿನ, ಸೂತಕವನ್ನೊಪ್ಪದ ನಮ್ಮ ಮನೆಗಳಲ್ಲಿಯೂ ಸೂತಕದ ಮೌನ ಕವಿಯುತ್ತದೆ. ಅಂತಹ ಒಂದು ಮೌನವನ್ನು ನಾವು ಮಂಗಳೂರಿನಲ್ಲಿ ಕಣ್ಣಾರೆ ಕಂಡೆವು. ಅದೇ ಈ ಲೇಖನಕ್ಕೆ ಕಾರಣ.

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಆ ನಗರಕ್ಕೆ ಹೋಗಿದ್ದೆವು. ಗದಗಿನ ಕಡೆಯಿಂದ ಬಂದು ನೆಲೆಸಿರುವ ಬ್ಯಾಂಕ್ ಅಧಿಕಾರಿಯೊಬ್ಬರು ಪ್ರಸಾದಕ್ಕೆ ಬಿನ್ನವಿಸಿಕೊಂಡಿದ್ದರು. ಹೊರಗೆ ಕರಾವಳಿಯ ಮಳೆ ಸುರಿಯುತ್ತಿತ್ತು. ಪೂಜೆ, ಪ್ರಸಾದ ಮುಗಿದವು. ಮನೆಯ ಯಜಮಾನರು ಕೈಮುಗಿದು, "ಗುರುಗಳ, ನಮ್ಮ ಹುಡುಗಗ ನೀವರ ನಾಕು ಬುದ್ಧಿಮಾತು ಹೇಳ್ರಿ. ಓದು ಬಿಟ್ಟು ಡ್ರಮ್ ಬಡೀತಾನ. ಎರಡು ತಿಂಗಳಾತು, ನನ್ನ ಕೂಡ ಮಾತಿಲ್ಲ" ಎಂದರು. ಇಂಜಿನಿಯರಿಂಗ್ ಓದುತ್ತಿದ್ದ ಆ ತರುಣ ತಲೆತಗ್ಗಿಸಿ ಬಾಗಿಲ ಬಳಿ ನಿಂತಿದ್ದ. ಒಂದು ವಿಷಯದಲ್ಲಿ ಅಂಕ ಕಡಿಮೆ ಬಂದುದರಿಂದ ತಂದೆಯು ಡ್ರಮ್‌ಗಳನ್ನು ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರೆಂದು ಅನಂತರ ತಿಳಿಯಿತು.

ನಾವು ಹುಡುಗನನ್ನು ಹತ್ತಿರ ಕೂರಿಸಿಕೊಂಡು, "ನಿಮ್ಮ ತಂಡದಲ್ಲಿ ಯಾರು ಯಾರಿದ್ದೀರಪ್ಪಾ? ಎಲ್ಲಿ ಕಲಿತಿರಿ?" ಎಂದು ಕೇಳಿದೆವು. ಅವನು ಮೊದಲು ಹಿಂಜರಿದು, ಬಳಿಕ ಬಾಯಿಬಿಟ್ಟ. ಕೀಬೋರ್ಡ್ ನುಡಿಸುವವನು ಇಗರ್ಜಿಯ ಗಾಯನವೃಂದದಲ್ಲಿ ಚಿಕ್ಕಂದಿನಿಂದ ಬೆಳೆದವನು. ಬೇಸ್ ಗಿಟಾರ್ ನುಡಿಸುವವನ ಅಜ್ಜ ಯಕ್ಷಗಾನದಲ್ಲಿ ಚೆಂಡೆ ಬಾರಿಸುತ್ತಿದ್ದವರು. ಹಾಡುವವನು ಶನಿವಾರದ ಭಜನೆಯಲ್ಲಿ ಸ್ವರ ಕೂಡಿಸಿಕೊಂಡವನು. "ಮತ್ತೆ ನೀನು?" ಎಂದೆವು. "ಅಜ್ಜಿಯ ಊರಿಗೆ ರಜೆಗೆ ಹೋದಾಗ ಮಠದ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದೆ ಗುರುಗಳೇ" ಎಂದ. ಅವನ ತಂದೆ ಈ ಮಾತನ್ನು ಮೊದಲ ಬಾರಿಗೆ ಕೇಳಿದಂತೆ ತಲೆಯೆತ್ತಿ ನೋಡಿದರು.

ರಾಕ್ ಎಂದರೆ ಗದ್ದಲವೆಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದರ ಬೇರು ಗುಲಾಮಗಿರಿಯ ನೋವುಂಡ ಅಮೆರಿಕದ ಕಪ್ಪು ಜನರ ದುಡಿಮೆಯ ಹಾಡುಗಳಲ್ಲಿಯೂ ಅವರ ಚರ್ಚುಗಳ ಪ್ರಾರ್ಥನಾಗೀತೆಗಳಲ್ಲಿಯೂ ಇದೆ. ೧೯೫೦ರ ದಶಕದಲ್ಲಿ ಅದು ತರುಣರ ಸಂಗೀತವಾಗಿ ರೂಪುಗೊಂಡಿತು. ತಂಡದಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ. ಒಬ್ಬನ ಗಿಟಾರ್ ರಾಗದ ಎಳೆಯನ್ನು ಹಿಡಿದರೆ, ಬೇಸ್ ಗಿಟಾರ್ ತಗ್ಗಿನ ಸ್ವರಗಳಿಂದ ಆಧಾರ ಕೊಡುತ್ತದೆ. ಡ್ರಮ್ ಬಾರಿಸುವವನು ಎರಡು ಕೈ, ಎರಡು ಕಾಲುಗಳಿಂದ ಲಯವನ್ನು ಕಾಯುತ್ತಾನೆ. ಒಬ್ಬನು ಮುಂದೋಡಿದರೆ ಎಲ್ಲವೂ ಕೆಡುತ್ತದೆ. ಒಬ್ಬರನ್ನೊಬ್ಬರು ಆಲಿಸುವ ಶಿಸ್ತು ಭಜನೆಯ ಮೇಳಕ್ಕೆ ಎಷ್ಟು ಬೇಕೋ ಇದಕ್ಕೂ ಅಷ್ಟೇ ಬೇಕು.

ಮಂಗಳೂರು ಇಂತಹ ಕೂಡುವಿಕೆಗೆ ಹೊಸತಾದ ಊರಲ್ಲ. ಕೊಂಕಣಿಗರ ಮನೆಗಳಲ್ಲಿ ಗಿಟಾರ್, ಪಿಟೀಲುಗಳು ತಲೆಮಾರುಗಳಿಂದ ಇವೆ. 'ಕೊಂಕಣ ಕೋಗಿಲೆ' ಎಂದು ಹೆಸರಾದ ವಿಲ್ಫಿ ರೆಬಿಂಬಸ್ ೨೦೧೦ರಲ್ಲಿ ತೀರಿಕೊಳ್ಳುವವರೆಗೂ ಸ್ವತಃ ಹಾಡು ರಚಿಸಿ, ರಾಗ ಕೂಡಿಸಿ, ವಾದ್ಯವೃಂದದೊಡನೆ ಊರೂರುಗಳಲ್ಲಿ ಹಾಡಿದರು. ೧೯೮೬ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು ೨೦೦೮ರ ಜನವರಿಯಲ್ಲಿ ೪೦ ಗಂಟೆಗಳ ಕಾಲ ಬಿಡುವಿಲ್ಲದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಪಾತ್ರವಾಯಿತು.

ಆದರೆ ಪರದೇಶದ ವಾದ್ಯವೊಂದು ನಮ್ಮದಾದ ಕಥೆಯನ್ನು ಹೇಳಬೇಕಾದರೆ, ಆ ನಗರದಲ್ಲಿ ಕದ್ರಿ ಗೋಪಾಲನಾಥರ ಹೆಸರನ್ನೇ ಮೊದಲು ಹೇಳಬೇಕು. ಅವರು ಹುಟ್ಟಿದ್ದು ೧೯೪೯ರ ಡಿಸೆಂಬರ್ ೬ರಂದು, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ಆ ವಾದ್ಯವನ್ನೇ ಹಿಡಿದ. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿದ ಬಾಲಕನ ಮನಸ್ಸು ಅದರಲ್ಲಿಯೇ ನೆಟ್ಟುಹೋಯಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ರೂಪಿಸಿ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯ, ಮುಖ್ಯವಾಗಿ ಸೈನ್ಯದ ಬ್ಯಾಂಡುಗಳಿಗಾಗಿ ಬೆಳೆದು ಬಂದದ್ದು. ಅದರಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಮೆಟ್ಟಿಲಿನಂತೆ ಹಾರಬೇಕು. ನಮ್ಮ ಸಂಗೀತಕ್ಕೆ ಬೇಕಾದದ್ದು ಸ್ವರದಿಂದ ಸ್ವರಕ್ಕೆ ಜಾರುವ ಗಮಕ. ಈ ಎರಡರ ನಡುವಿನ ಕಂದಕವನ್ನು ದಾಟಲು ಗೋಪಾಲನಾಥರಿಗೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕರ್ನಾಟಕ ಸಂಗೀತವನ್ನು ಕಲಿತರು. ಮದರಾಸಿಗೆ ಹೋಗಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ವಾದ್ಯದ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡರು.

೧೯೮೦ರ ಮುಂಬಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನವನ್ನು ಕೇಳಿ ಬೆರಗಾಗಿ, ತಾನೂ ಜೊತೆಗೂಡಿ ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಬಿ.ಬಿ.ಸಿ. ಪ್ರಾಮೆನೇಡ್ ಸಂಗೀತೋತ್ಸವಕ್ಕೆ ಆಹ್ವಾನ ಬಂತು. ೨೦೦೪ರಲ್ಲಿ ಪದ್ಮಶ್ರೀ ದೊರೆಯಿತು. ೨೦೧೯ರ ಅಕ್ಟೋಬರ್ ೧೧ರಂದು ಅವರು ಮಂಗಳೂರಿನಲ್ಲಿ ನಾದದಲ್ಲಿ ಲೀನವಾದರು. ಇಂದು ಕರಾವಳಿಯ ಮದುವೆಯ ಚಪ್ಪರಗಳಲ್ಲಿ, ದೇವಸ್ಥಾನಗಳ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಮೊಳಗುತ್ತದೆ. ಅದನ್ನು ಪರದೇಶದ ವಾದ್ಯವೆಂದು ಯಾರೂ ದೂರವಿಡುವುದಿಲ್ಲ.

ಇನ್ನು ರಾಕ್ ವಾದ್ಯಗಳನ್ನೇ ಹಿಡಿದ ಕನ್ನಡದ ತಂಡಗಳ ಮಾತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರದು ಸಂಪ್ರದಾಯನಿಷ್ಠ ಮನೆತನ. ಅವರು ಮೊದಲು ಕಲಿತದ್ದು ಭರತನಾಟ್ಯ. ಗಂಡು ಹುಡುಗ ಗೆಜ್ಜೆ ಕಟ್ಟುವುದೇ ಎಂದು ಕಾಲೇಜಿನಲ್ಲಿ ಗೆಳೆಯನೊಬ್ಬ ಗೇಲಿ ಮಾಡಿದಾಗ, ಗಿಟಾರ್ ಕಲಿತು ತೋರಿಸುವೆನೆಂದು ಪಂಥ ಕಟ್ಟಿ, ಎರಡೇ ತಿಂಗಳಲ್ಲಿ ಕಲಿತರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಡನೆ ಪಡೆದವರು; ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದವರು. ಅದೆಲ್ಲವನ್ನೂ ಬಿಟ್ಟು ಸಂಗೀತಕ್ಕೆ ಮರಳಿದ ಮೇಲೆಯೂ ಫಲ ಕೂಡಲೇ ದೊರೆಯಲಿಲ್ಲ. ಅವರ ಮೊದಲ ಧ್ವನಿಸಂಕಲನ ಬಂದದ್ದು ೨೦೦೮ರಲ್ಲಿ. ಅದರಲ್ಲಿ ಶಿಶುನಾಳ ಶರೀಫರ ಪದಗಳಿವೆ. ಗೋವಿಂದಭಟ್ಟರ ಶಿಷ್ಯರಾಗಿ, ಜಾತಿಮತಗಳ ಗೋಡೆಯನ್ನು ದಾಟಿ ೧೮೮೯ರವರೆಗೆ ಬಾಳಿದ ಆ ಸಂತನ ನುಡಿ, ಸಿ. ಅಶ್ವತ್ಥರ ಕಂಠದಿಂದ ನಾಡಿನ ಮನೆಮನೆಗೆ ತಲುಪಿತ್ತು. ಈಗ ಗಿಟಾರ್, ಡ್ರಮ್‌ಗಳೊಡನೆ ಕಡಲನ್ನೂ ದಾಟಿತು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿಯೇ ಅವರು ಪರದೇಶದ ವೇದಿಕೆಗಳನ್ನು ಹತ್ತಿದರು. ಹಿಂದೆ ಗೇಲಿಗೆ ಗುರಿಯಾದ ಗೆಜ್ಜೆಯೇ ಅವರ ಗುರುತಾಯಿತು. ೨೦೧೧ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಅವರಿಗೆ ಸಂದಿತು. ಮೈಸೂರಿನವರೇ ಆದ ವಾಸು ದೀಕ್ಷಿತರು ಕಟ್ಟಿದ ಸ್ವರಾತ್ಮ ತಂಡವೂ ಜನಪದದ ಸೊಗಡನ್ನು ರಾಕ್ ಸಂಗೀತಕ್ಕೆ ಬೆಸೆದು, ಈ ನೆಲದ, ಈ ಸಮಾಜದ ಸಂಕಟಗಳನ್ನು ಹಾಡಿದೆ.

ಇದನ್ನೆಲ್ಲ ಹೇಳುತ್ತಿದ್ದಂತೆ ಯಜಮಾನರು, "ಅವರೆಲ್ಲ ದೊಡ್ಡವರಾದರು, ಸರಿ ಗುರುಗಳ. ಇವನಂಗ ಹೊಂಟು ಹಾಳಾದವರ ಲೆಕ್ಕ ಯಾರು ಇಟ್ಟಾರ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಒಬ್ಬರ ಕೀರ್ತಿಯನ್ನು ತೋರಿಸಿ ಎಲ್ಲರಿಗೂ ದಾರಿ ಸುಗಮವೆನ್ನುವುದು ಸುಳ್ಳಾಗುತ್ತದೆ. ಸಂಗೀತ ಬಹುಮಂದಿಗೆ ಹೊಟ್ಟೆ ಹೊರೆಯುವ ವೃತ್ತಿಯಾಗದು. ತಂದೆಯ ಅಂಜಿಕೆಯ ಹಿಂದೆ ಕಂತು ಕಟ್ಟುವ ಸಾಲವೂ, ಮಗನ ಮೇಲಿನ ಕರುಳೂ ಇದ್ದವು. ಅದನ್ನು ನಾವು ಹಗುರಾಗಿ ಕಾಣಲಿಲ್ಲ.

ಆಗ ಒಳಗಿನಿಂದ ಅಜ್ಜಿ ಬಂದು ಕುಳಿತರು. "ಹಾಳಾಗೋದು ಬಡಿಯೋ ವಸ್ತುವಿನಿಂದ ಅಲ್ಲಪ್ಪಾ. ನಮ್ಮ ಪುಟ್ಟಯ್ಯಜ್ಜಾರು ಪಿಟೀಲು ನುಡಸ್ತಿದ್ರು. ಅದೇನು ಗದಗಿನ ಹೊಲದಾಗ ಬೆಳದದ್ದೇನು?" ಎಂದರು.

ಆ ತಾಯಿಯ ಒಂದು ಮಾತು ನಮ್ಮ ಅರ್ಧಗಂಟೆಯ ಉಪದೇಶಕ್ಕಿಂತ ಮಿಗಿಲಾಗಿತ್ತು. ಹಾನಗಲ್ಲ ಕುಮಾರ ಶಿವಯೋಗಿಗಳ ಕರುಣೆಯಿಂದ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾಗಿ ೨೦೧೦ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿಯೆಣಿಸದೆ ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಇತ್ತರು. ಆಶ್ರಮದ ಮಕ್ಕಳ ಹಸಿವನ್ನು ನೀಗಲು ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿ ಪಿಟೀಲು ಇತ್ತು, ಹಾರ್ಮೋನಿಯಂ ಇತ್ತು. ಎರಡೂ ಯುರೋಪಿನಿಂದ ಹಡಗೇರಿ ಬಂದವು. ನಮ್ಮ ಮಠಗಳ ಭಜನೆಯ ಜೀವವೆನಿಸಿದ ಹಾರ್ಮೋನಿಯಮ್ಮನ್ನು, ಅದು ನಮ್ಮ ಸಂಗೀತಕ್ಕೆ ಸಲ್ಲದೆಂಬ ಕಾರಣ ಕೊಟ್ಟು, ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿಯೇ ಹೊರಗಿಟ್ಟಿತ್ತು. ಅಂದು ಬಹಿಷ್ಕೃತವಾದದ್ದು ಇಂದು ಪವಿತ್ರವೆನಿಸಿದೆ.

ಇಷ್ಟು ಹೇಳಿದ ಮೇಲೆ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಮಠವೊಂದರಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಯೊಬ್ಬ ಜಾತ್ರೆಯಲ್ಲಿ ಕೊಂಡ ಮೌತ್ ಆರ್ಗನ್ನನ್ನು ಚಾಪೆಯಡಿ ಬಚ್ಚಿಟ್ಟುಕೊಂಡಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾವಿಯ ಕಟ್ಟೆಯಲ್ಲಿ ಕುಳಿತು, ಸಂಜೆ ಹಾಡಿದ ಭಜನೆಯನ್ನೇ ಅದರಲ್ಲಿ ಮೆಲ್ಲಗೆ ನುಡಿಸುತ್ತಿದ್ದ. ಶಿಸ್ತಿನ ಅಭಿಮಾನ ನಮಗೆ ಅತಿಯಾಗಿತ್ತು. ನಾವೇ ಹೋಗಿ ಮೇಲಿನವರಿಗೆ ದೂರಿದೆವು. ವಾದ್ಯ ಬಾವಿಯ ಪಾಲಾಯಿತು. ತಿಂಗಳೊಳಗೆ ಆ ಹುಡುಗ ಯಾರಿಗೂ ಹೇಳದೆ ಮಠವನ್ನು ಬಿಟ್ಟುಹೋದ. ಅವನು ಅಂದು ನುಡಿಸುತ್ತಿದ್ದುದು ಭಜನೆ ಎಂಬುದನ್ನು ನಮ್ಮ ಕಿವಿ ಕೇಳಿತ್ತು, ನಮ್ಮ ಬುದ್ಧಿ ಕೇಳಿರಲಿಲ್ಲ. ಇಂದು ಅವನೆಲ್ಲಿರುವನೋ ನಮಗೆ ತಿಳಿಯದು. ಕ್ಷಮೆ ಕೇಳುವ ಅವಕಾಶವೂ ನಮಗುಳಿದಿಲ್ಲ. ಇದನ್ನು ಆ ದಿನ ತಂದೆ-ಮಗ ಇಬ್ಬರೆದುರೂ ಹೇಳಿದೆವು.

ಹುಡುಗನಿಗೆ ಹೇಳಿದ ಮಾತುಗಳು ಇವು: "ಕೈಗೆತ್ತಿಕೊಂಡ ಓದನ್ನು ಮುಗಿಸು, ಅದು ತಂದೆಯ ಬೆವರಿನ ಋಣ. ರಾತ್ರಿ ಹತ್ತಾದ ಮೇಲೆ ನೆರೆಯವರ ನಿದ್ದೆ ಕೆಡಿಸಬೇಡ. ಕಾನೂನೂ ಅದನ್ನು ಒಪ್ಪದು. ವೇದಿಕೆಯ ಹಿಂದೆ ಅಮಲಿನ ಪದಾರ್ಥ ಬಂದರೆ ಆ ಸಂಗವನ್ನು ಅಂದೇ ಬಿಡು. ನಿನ್ನ ಮನೆಯ ಪದಗಳನ್ನು ಮರೆಯಬೇಡ. ಗೋಪಾಲನಾಥರು ಇಪ್ಪತ್ತು ವರ್ಷ ಕಾದದ್ದನ್ನು ನೆನೆ." ತಂದೆಗೆ ಹೇಳಿದ್ದು ಒಂದೇ ಮಾತು: "ಬೀಗ ಹಾಕುವ ಮೊದಲು ಒಮ್ಮೆಯಾದರೂ ಕೂತು ಕೇಳಿದ್ದೀರಾ?" ಅವರು ಉತ್ತರಿಸಲಿಲ್ಲ.

ನಾವು ಹೊರಡಲು ಎದ್ದರೂ ಮಳೆ ಬಿಡಲಿಲ್ಲ. ಮತ್ತೆ ಕುಳಿತೆವು. ಹೊತ್ತು ಕಳೆಯಲೆಂದು ಅಜ್ಜಿ ತಮ್ಮ ತವರಿನ ತತ್ತ್ವಪದವೊಂದನ್ನು ಎತ್ತಿಕೊಂಡರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಮೊಮ್ಮಗ ಮೂಲೆಯಲ್ಲಿದ್ದ ಮಣೆಯನ್ನು ಬೋರಲು ಹಾಕಿಕೊಂಡು ಬೆರಳಿನಿಂದ ಬಾರಿಸತೊಡಗಿದ. ಅಜ್ಜಿ ನಿಧಾನಿಸಿದಲ್ಲಿ ತಾನೂ ನಿಧಾನಿಸಿದ, ಅವರ ಉಸಿರು ನಿಂತಲ್ಲಿ ಕೈಯನ್ನು ತಡೆದ. ಮೂರನೆಯ ನುಡಿಯಲ್ಲಿ ಯಜಮಾನರ ಬಲಗೈ ತಾನೇತಾನಾಗಿ ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ನಾವು ಕಂಡೂ ಕಾಣದಂತಿದ್ದೆವು.

ಪರೀಕ್ಷೆ ಮುಗಿದ ಮೇಲೆ ಕೋಣೆಯ ಬೀಗ ತೆಗೆದುದಾಗಿಯೂ, ಹುಡುಗ ಉಳಿದಿದ್ದ ವಿಷಯದಲ್ಲಿ ಉತ್ತೀರ್ಣನಾದುದಾಗಿಯೂ ಅವರು ಮೊನ್ನೆ ದೂರವಾಣಿಯಲ್ಲಿ ತಿಳಿಸಿದರು. "ಭಾನುವಾರ ಅರ್ಧ ತಾಸು ಕೂತು ಕೇಳ್ತೀನ್ರಿ. ತಲೆನೋವು ಬರತೈತಿ, ಆದ್ರೂ ಕೇಳ್ತೀನಿ" ಎಂದರು. ಆ ಮಗ ಮುಂದೆ ವಾದಕನಾಗುವನೋ, ಇಂಜಿನಿಯರ್ ಆಗಿ ಬಿಡುವಿನಲ್ಲಿ ಬಾರಿಸುವನೋ ಕಾಲವೇ ಹೇಳಬೇಕು. ತಂದೆ-ಮಕ್ಕಳ ನಡುವೆ ಮಾತು ಮರಳಿ ಹುಟ್ಟಿದೆ.

ಓದುಗ ಶರಣಬಂಧುಗಳೇ, ನಿಮ್ಮ ಮನೆಯ ಮುಚ್ಚಿದ ಬಾಗಿಲ ಹಿಂದೆಯೂ ಯಾವುದಾದರೊಂದು ವಾದ್ಯ ಮೊರೆಯುತ್ತಿರಬಹುದು. ಅದರ ಕುಲವನ್ನು ಕೇಳುವ ಮುನ್ನ ಅದು ಏನನ್ನು ನುಡಿಯುತ್ತಿದೆ ಎಂದು ಕೇಳಿರಿ. ಕೇಳಿದ ಮೇಲೆ ತಿದ್ದುವುದಿದ್ದರೆ ತಿದ್ದಿರಿ. ಕೇಳದೆ ಬಾವಿಗೆಸೆದದ್ದನ್ನು ಮತ್ತೆ ಮೇಲೆತ್ತಲು ನಮ್ಮಿಂದಾಗಲಿಲ್ಲ.